ಮೂತಿಯಲ್ಲಿ ಕ್ರಾಮ್‌ವೆಲ್, ಕಂಬದ ಮೇಲೆ ರಾಜನ ಬಾವುಟ

ಹಳೇ ಯುದ್ಧನೌಕೆಯ ಮಾದರಿ ಕಟ್ಟೋಕೆ ಕೂರುವ ಮೊದಲೇ ಒಂದು ವಿಷಯ ತೀರ್ಮಾನ ಆಗಬೇಕು. ಹಡಗು ಯಾವ ದಿನದ್ದು? ವರ್ಷ ಗೊತ್ತಿದ್ದರೆ ಸಾಲದು, ದಿನವೇ ಬೇಕು. ನಾನು ಕೈ ಹಾಕಿದ ಹಡಗಿಗಂತೂ ಬೇಕೇ ಬೇಕು.

1655ರಲ್ಲಿ ಲಂಡನ್ ಪಕ್ಕದ ವುಲಿಚ್‌ನಲ್ಲಿ ಪೀಟರ್ ಪೆಟ್ ಕಟ್ಟಿದ ಹಡಗು ಇದು. ನೀರಿಗಿಳಿದಾಗ ಹೆಸರು ನೇಸ್ಬಿ. 1645ರಲ್ಲಿ ಪಾರ್ಲಿಮೆಂಟಿನ ಸೇನೆ ರಾಜ ಒಂದನೇ ಚಾರ್ಲ್ಸನ ಸೇನೆಯನ್ನು ಸೋಲಿಸಿದ ಜಾಗದ ಹೆಸರು ಅದು. 1649ರಲ್ಲಿ ಆ ರಾಜನ ತಲೆ ಕಡಿದರು. 1660ರಲ್ಲಿ ಅವನ ಮಗನನ್ನು ಹಾಲೆಂಡಿನಿಂದ ವಾಪಸ್ ಕರೆತಂದದ್ದು ಇದೇ ಹಡಗು. ಅವತ್ತೇ ಇದಕ್ಕೆ ಹೊಸ ಹೆಸರಿಟ್ಟರು: ಚಾರ್ಲ್ಸ್. ಆಮೇಲೆ ರಾಯಲ್ ಚಾರ್ಲ್ಸ್ ಅಂತಲೇ ಹೆಸರಾಯಿತು. 1667ರಲ್ಲಿ ಡಚ್ಚರು ಹೊತ್ತೊಯ್ದರು. 1673ರಲ್ಲಿ ಗುಜರಿಗೆ ಮಾರಿದರು.

ಒಟ್ಟು 18 ವರ್ಷದ ಬಾಳು. ಅಷ್ಟರಲ್ಲಿ ಹೆಸರು ಬದಲಾಯಿತು, ಲಾಂಛನ ಬದಲಾಯಿತು, ಮೂತಿಯ ಬೊಂಬೆ ಬದಲಾಯಿತು, ಯಜಮಾನರೂ ಬದಲಾದರು. ಇದರಲ್ಲಿ ಸ್ವಲ್ಪ ಅದರಲ್ಲಿ ಸ್ವಲ್ಪ ಸೇರಿಸಿ ಕಟ್ಟಿದರೆ ಎಂದೂ ಇಲ್ಲದ ಹಡಗು ತಯಾರಾಗುತ್ತದೆ. ನಾನು ಆರಿಸಿಕೊಂಡ ದಿನ 1660ರ ಮೇ 23, ಆಗಿನ ಇಂಗ್ಲಿಷ್ ಕ್ಯಾಲೆಂಡರ್ ಪ್ರಕಾರ. ಡಚ್ ತೀರದ ಸ್ಖೇವೆನಿಂಗೆನ್ ಎದುರು ಎರಡನೇ ಚಾರ್ಲ್ಸ್ ಹಡಗು ಹತ್ತಿದ ದಿನ. ಆ ದಿನ ಯಾಕೆ ಅನ್ನೋದು ಮೂತಿಯ ಬೊಂಬೆಯ ಹತ್ತಿರ ಬಂದಾಗ ಗೊತ್ತಾಗುತ್ತದೆ.

ಅಳತೆ 1:100 ಇಟ್ಟುಕೊಂಡೆ. ನಿಜ ಹಡಗಿನ ತಳದ ತೊಲೆ 131 ಅಡಿ, ಅಗಲ 42 ಅಡಿ, ಒಳಗಿನ ಆಳ 18 ಅಡಿ. ಆಗಿನವರು ಸರಕು ಹೊರುವ ಶಕ್ತಿ ಅಳೆಯುತ್ತಿದ್ದ ಲೆಕ್ಕದಲ್ಲಿ 1,229 ಟನ್. ನನ್ನ ಮೇಜಿನ ಮೇಲೆ ತೊಲೆ 399 ಮಿ.ಮೀ., ಅಗಲ 128 ಮಿ.ಮೀ. ಮೂತಿ ಮತ್ತು ಹಿಂಬದಿ ಚಾಚಿಕೊಂಡಿರುವುದರಿಂದ ಒಟ್ಟು ಉದ್ದ ಅರ್ಧ ಮೀಟರ್ ದಾಟುತ್ತದೆ. 1:100ರಲ್ಲಿ ಲೆಕ್ಕ ಸುಲಭ. ಒಂದು ಮೀಟರ್ ಅಂದರೆ ಒಂದು ಸೆಂಟಿಮೀಟರ್, ಅಷ್ಟೇ.

ಕೈವಾರದಲ್ಲಿ ಎಳೆದ ಪಕ್ಕೆಲುಬು

ಆಗಿನ ಇಂಗ್ಲಿಷ್ ನೌಕಾಶಿಲ್ಪಿಗಳು ಹಡಗಿನ ಪಕ್ಕೆಲುಬನ್ನು ಕೈವಾರದಿಂದ ಎಳೆಯುತ್ತಿದ್ದರು. ಆಂಥನಿ ಡೀನ್ 1670ರಲ್ಲಿ ಇದನ್ನೆಲ್ಲ ಹಂತ ಹಂತವಾಗಿ ಬರೆದಿಟ್ಟಿದ್ದಾನೆ. ನಾನು ಅದೇ ದಾರಿ ಹಿಡಿದೆ. ಹಡಗಿನ ನಡುಮಧ್ಯದ ಪಕ್ಕೆಲುಬು ಮೊದಲು. ತಳದಲ್ಲಿ ಸ್ವಲ್ಪ ಚಪ್ಪಟೆ ಭಾಗ, ಅಲ್ಲಿಂದ ಮೇಲೇಳುವ ಸಣ್ಣ ಕಮಾನು, ಅದಕ್ಕೆ ಸೇರಿ ದೊಡ್ಡ ಕಮಾನು, ಅತಿ ಅಗಲದ ಜಾಗದಲ್ಲಿ ಇನ್ನೊಂದು. ಅದರ ಮೇಲೆ ಉಲ್ಟಾ ತಿರುಗುವ ಗೆರೆ. ಒಂದು ಕಮಾನು ಮುಗಿಯುವ ಕಡೆ ಇನ್ನೊಂದು ಶುರುವಾಗಬೇಕು, ನಡುವೆ ಮೂಲೆ ಕಾಣಬಾರದು.

ಆಮೇಲಿನದು ನಿಜಕ್ಕೂ ಜಾಣತನದ ಕೆಲಸ. ಮುಂದಕ್ಕೆ, ಹಿಂದಕ್ಕೆ ಹೋದಂತೆ ಪ್ರತಿ ಪಕ್ಕೆಲುಬಿಗೂ ಹೊಸ ಆಕಾರ ಹುಡುಕುವುದಿಲ್ಲ. ಅದೇ ಕಮಾನುಗಳನ್ನು ಸ್ವಲ್ಪ ಮೇಲಕ್ಕೆ, ಸ್ವಲ್ಪ ಒಳಕ್ಕೆ ಸರಿಸುತ್ತಾರೆ. ಎಷ್ಟು ಮೇಲಕ್ಕೆ, ಎಷ್ಟು ಒಳಕ್ಕೆ ಅನ್ನೋದಕ್ಕೆ ಎರಡು ಉದ್ದ ಗೆರೆ ಇರುತ್ತವೆ. ಗ್ರಾಫ್ ಹಾಳೆಯ ಮೇಲೆ ಇದನ್ನು ಕೈಯಾರೆ ಎಳೆದು ನೋಡಿ. ಕಂಪ್ಯೂಟರಿನಲ್ಲಿ ಮಾಡಿದರೆ ಗೆರೆ ಬರುತ್ತದೆ, ತರ್ಕ ತಲೆಗೆ ಹೋಗುವುದಿಲ್ಲ. ನಾಲ್ಕೈದು ಪಕ್ಕೆಲುಬು ಎಳೆಯುವಷ್ಟರಲ್ಲಿ ಪೀಟರ್ ಪೆಟ್ ಹೇಗೆ ಯೋಚಿಸುತ್ತಿದ್ದ ಅನ್ನೋದು ಕೈಗೇ ತಿಳಿಯತೊಡಗಿತು.

ನೀರಿನ ಮಟ್ಟದಿಂದ ಮೇಲೆ ಹಡಗಿನ ಗೋಡೆ ಒಳಕ್ಕೆ ವಾಲುತ್ತದೆ. ಅದು ಅಂದಕ್ಕಲ್ಲ. ಮೇಲಿನ ಡೆಕ್ಕಿನ ತೋಪುಗಳ ತೂಕ ನಡುವಿಗೆ ಹತ್ತಿರ ಇದ್ದಷ್ಟೂ ಹಡಗು ಕಡಿಮೆ ಹೊಯ್ದಾಡುತ್ತದೆ. ಮಾದರಿಯಲ್ಲಿ ಈ ವಾಲುವಿಕೆ ಒಂದೆರಡು ಮಿಲಿಮೀಟರ್ ಕಡಿಮೆಯಾದರೂ ಹಡಗು ಮೊದ್ದಾಗಿ ಕಾಣುತ್ತದೆ. ಹಾಗಾಗಿ ಪಕ್ಕೆಲುಬುಗಳನ್ನು 4 ಮಿ.ಮೀ. ಪ್ಲೈವುಡ್‌ನಲ್ಲಿ ಕತ್ತರಿಸಿ ನಿಲ್ಲಿಸಿದ ಮೇಲೆ ತೆಳು ಪಟ್ಟಿಯೊಂದನ್ನು ಉದ್ದಕ್ಕೂ ಹಿಡಿದು ಪ್ರತಿ ಮಟ್ಟದಲ್ಲೂ ಸರಿ ನೋಡಿದೆ. ಪಟ್ಟಿ ಎಲ್ಲಿ ಮುಟ್ಟುವುದಿಲ್ಲವೋ ಅಲ್ಲಿ ತೆಳು ತುಂಡು ಅಂಟಿಸಿ ಮತ್ತೆ ಉಜ್ಜು. ಈ ಕೆಲಸಕ್ಕೆ ಅವಸರ ಮಾಡಬೇಡಿ.

ಹಿಂಬದಿಯ ತಿರುವು

ಹಲಗೆ ಹೊದಿಸೋಕೆ ಆಲೆ ಮರ. ಚನ್ನಪಟ್ಟಣದ ಬೊಂಬೆಗೆ ಬಳಸುವುದು ಇದನ್ನೇ. ಬಿಳಿ ಬಣ್ಣ, ನಯವಾದ ಎಳೆ, ಕತ್ತಿಗೆ ಒಗ್ಗುತ್ತದೆ. ತೇಗದ ಎಳೆ ಈ ಅಳತೆಗೆ ತೀರಾ ದೊಡ್ಡದು, 1:100ರಲ್ಲಿ ಅದರ ರಂಧ್ರಗಳೇ ಕಿಟಕಿಯಷ್ಟು ಕಾಣುತ್ತವೆ. ಆಲೆಯನ್ನು 1.2 ಮಿ.ಮೀ. ದಪ್ಪ, 3.5 ಮಿ.ಮೀ. ಅಗಲದ ಪಟ್ಟಿಗಳಾಗಿ ಸೀಳಿಸಿದೆ.

ನಡುಭಾಗ ಸುಮ್ನೆ ಸರಸರ ಮುಗಿಯಿತು. ಮೂತಿಯ ಉಬ್ಬಿಗೆ ಪಟ್ಟಿಯನ್ನು ಬಿಸಿ ನೀರಿನಲ್ಲಿ ನೆನೆಸಿ ಬಗ್ಗಿಸಿದರೆ ಸಾಕು. ಪರೀಕ್ಷೆ ಇರುವುದು ಹಿಂಬದಿಯಲ್ಲಿ. ಡಚ್ ಹಡಗುಗಳ ಹಿಂಬದಿ ನೀರಿನ ಹತ್ತಿರ ಹಲಗೆಯಂತೆ ಚಪ್ಪಟೆ. ಇಂಗ್ಲಿಷರ ದೊಡ್ಡ ಹಡಗುಗಳಲ್ಲಿ ಆ ಹೊತ್ತಿಗೆ ಹಾಗಿರಲಿಲ್ಲ. ತಳದ ಹಲಗೆಗಳು ಹಿಂದಕ್ಕೆ ಬರುತ್ತಾ ಮೇಲಕ್ಕೆ ತಿರುಚಿಕೊಂಡು, ಉರುಟಾಗಿ ಹಿಂಬದಿಯ ಅಡ್ಡ ತೊಲೆಗೆ ಹೋಗಿ ಸೇರುತ್ತವೆ. ಅಂಗೈ ಉದ್ದದಲ್ಲಿ ಒಂದು ಪಟ್ಟಿ ಹೆಚ್ಚು ಕಡಿಮೆ ಕಾಲು ಸುತ್ತು ತಿರುಗಬೇಕು.

ನಾನು ಮಾಡಿದ್ದು ಹೀಗೆ. ಪ್ರತಿ ಪಟ್ಟಿಯ ಹಿಂತುದಿಯನ್ನು ಮೊದಲು ಕಿರಿದು ಮಾಡಿದೆ, 3.5ರಿಂದ 2 ಮಿ.ಮೀ.ವರೆಗೆ. ಆಮೇಲೆ ಕುದಿಯುವ ನೀರಿನಲ್ಲಿ ಚೆನ್ನಾಗಿ ನೆನೆಸಿ, ಅಂಟು ಹಾಕದೆ, ಹಡಗಿನ ಮೇಲೇ ತಿರುಚಿ ಗುಂಡುಪಿನ್ನಿನಿಂದ ಬಂಧಿಸಿದೆ. ಪಿನ್ನನ್ನು ಪಟ್ಟಿಯ ಒಳಗೆ ಚುಚ್ಚಬಾರದು, ಸೀಳುತ್ತದೆ. ಪಟ್ಟಿಯ ಎರಡೂ ಅಂಚಿಗೆ ಒತ್ತಿ ಚುಚ್ಚಬೇಕು. ರಾತ್ರಿಯಿಡೀ ಒಣಗಲಿ. ಬೆಳಗ್ಗೆ ಬಿಚ್ಚಿದರೆ ತಿರುವು ಹಾಗೇ ನಿಂತಿರುತ್ತದೆ. ಆಗ ಫೆವಿಕಾಲ್. ಎರಡು ಪಟ್ಟಿಗಳ ನಡುವೆ ಗೂಟದಂತೆ ಚೂಪಾದ ತುಂಡುಗಳು ಬೇಕಾಗುತ್ತವೆ, ಯಾಕಂದರೆ ಉರುಟಿನ ಮೇಲೆ ಜಾಗ ಅಗಲವಾಗುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಈ ಕೆಲಸ ಬೇಡ. ತೇವಕ್ಕೆ ಉಬ್ಬಿದ ಪಟ್ಟಿ ಡಿಸೆಂಬರಿನಲ್ಲಿ ಕುಗ್ಗಿ ಸಂದು ಬಿಡುತ್ತದೆ.

ಒಂದು ಬದಿ ಮುಗಿಸಿ ಉಪ್ಪುಕಾಗದದಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದಾಗ ಆದ ಖುಷಿ ದೊಡ್ಡದು. ಇಡೀ ಮಾದರಿಯಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದೇ. ಸ್ಟ್ಯಾಂಡಿನ ಮೇಲಿಟ್ಟರೆ ಯಾರಿಗೂ ಕಾಣುವುದಿಲ್ಲ, ಆದರೂ ಇಷ್ಟ.

ತಳಕ್ಕೆ ಮಾಸಲು ಬಿಳಿ ಬಣ್ಣ. ಆಗ ಎಣ್ಣೆ, ರಾಳ, ಗಂಧಕ ಕುದಿಸಿ ಬಳಿಯುತ್ತಿದ್ದರು, ಮರ ಕೊರೆಯುವ ಹುಳಕ್ಕೆ ತಡೆ ಅಂತ.

ತೋಪು, ಹೂಮಾಲೆ, ಕಿಟಕಿ

ಹಡಗುಗಳ ವಿವರದ ಪಟ್ಟಿಯಲ್ಲಿ ಇದಕ್ಕೆ ಇರುವುದು 80 ತೋಪು. 1655ರ ಏಪ್ರಿಲ್‌ನಲ್ಲಿ ಹೊಸ ಹಡಗನ್ನು ನೋಡಿ ಬಂದ ಜಾನ್ ಈವ್ಲಿನ್ ಮಾತ್ರ ದಿನಚರಿಯಲ್ಲಿ 96 ಹಿತ್ತಾಳೆ ತೋಪು ಅಂತ ಬರೆದಿದ್ದಾನೆ. ನಾನು 80ಕ್ಕೇ ನಿಂತೆ. ಹಿತ್ತಾಳೆ ಕಡ್ಡಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ, ತಿರುಗುವಾಗ ಸಣ್ಣ ಅರ ಹಿಡಿದು ಆಕಾರ ಕೊಟ್ಟೆ. ಕೆಳ ಡೆಕ್ಕಿನವಕ್ಕೆ ಬಾಯಿಯ ಕಡೆಯ ಅರ್ಧ ಇದ್ದರೆ ಸಾಕು, ಉಳಿದರ್ಧ ಕತ್ತಲಲ್ಲಿ ಇರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ತೆಳುವಾಗಿ ಕಂದು ವಾರ್ನಿಷ್ ಕೊಟ್ಟೆ. ಹೊಳಪು ಜಾಸ್ತಿಯಾದರೆ ಆಟಿಕೆಯಾಗಿಬಿಡುತ್ತದೆ.

ಇವುಗಳಲ್ಲಿ ಒಂದಕ್ಕೆ ನನ್ನ ಲೆಕ್ಕದಲ್ಲಿ ವಿಶೇಷ ಜಾಗ. ಇಡೀ ಪಡೆಯ ದಳಪತಿ ಎಡ್ವರ್ಡ್ ಮಾಂಟಗುವಿನ ಕಾರ್ಯದರ್ಶಿಯಾಗಿ, ದಿನಚರಿ ಬರೆದಿಟ್ಟ ಸ್ಯಾಮ್ಯುಯೆಲ್ ಪೀಪ್ಸ್ ಆಗ ಇದೇ ಹಡಗಿನಲ್ಲಿದ್ದ. ಮೇ 22ರಂದು ರಾಜನಿಗೆ ಗೌರವದ ತೋಪು ಹಾರಿಸುವಾಗ ತನ್ನ ಕೋಣೆಯ ಎದುರಿನದನ್ನು ತಾನೇ ಹಾರಿಸಿದ. ತಲೆ ತೀರಾ ಹತ್ತಿರ ಹಿಡಿದಿದ್ದ. ಬಲಗಣ್ಣು ಸ್ವಲ್ಪದರಲ್ಲಿ ಉಳಿಯಿತು ಅಂತ ಅವನೇ ಬರೆದಿದ್ದಾನೆ. ಎಡಬದಿಯ ಹಿಂಭಾಗದ ಒಂದು ತೋಪನ್ನು ನಾನು ಪೀಪ್ಸ್ ತೋಪು ಅಂತ ಕರೆಯುತ್ತೇನೆ.

ಮೇಲಿನ ಡೆಕ್ಕಿನ ತೋಪುಗಂಡಿಗಳ ಸುತ್ತ ಕೆತ್ತಿದ ಹೂಮಾಲೆ. ಎರಡು ತೆಳು ತಾಮ್ರದ ತಂತಿ ಹೊಸೆದು, ಕಡ್ಡಿಯ ಸುತ್ತ ಸುತ್ತಿ, ಉಂಗುರಗಳಾಗಿ ಕತ್ತರಿಸಿ, ಮೆಲ್ಲಗೆ ಬಡಿದು ಚಪ್ಪಟೆ ಮಾಡಿದೆ. ಹಳದಿ ಬಣ್ಣದ ಮೇಲೆ ಕಂದು ನೀರು ಬಳಿದರೆ ಎಲೆ ಎಲೆಯಾಗಿ ಕಾಣುತ್ತದೆ. ಚಿನ್ನದ ಪೇಂಟ್ ಬೇಡ.

ಹಿಂಬದಿಯ ಕಿಟಕಿಗಳಿಗೆ ಪಾರದರ್ಶಕ ಹಾಳೆ, ಅದರ ಮೇಲೆ ಗೀರಿದ ಗೆರೆ. ಈ ಕಿಟಕಿಗಳ ಹಿಂದೆ ದೊಡ್ಡ ಕೋಣೆ. 1662ರ ಮೇ ತಿಂಗಳಲ್ಲಿ ರಾಜನ ಮದುಮಗಳು, ಪೋರ್ಚುಗಲ್ಲಿನ ಕ್ಯಾಥರೀನ್, ಲಿಸ್ಬನ್‌ನಿಂದ ಪೋರ್ಟ್ಸ್‌ಮತ್‌ಗೆ ಬಂದದ್ದು ಈ ಹಡಗಿನಲ್ಲೇ. ಅವಳ ವರದಕ್ಷಿಣೆಯಲ್ಲಿ ಮುಂಬೈ ಇತ್ತು. ಆ ಮುಂಬೈಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಅಬ್ರಹಾಂ ಶಿಪ್‌ಮನ್‌ಗೆ ಅಲ್ಲಿನ ಪೋರ್ಚುಗೀಸರು ಬಿಟ್ಟುಕೊಡಲಿಲ್ಲ. ಅವನೂ ಅವನ ಸುಮಾರು 400 ಸೈನಿಕರೂ ಬಂದು ಇಳಿದದ್ದು ನಮ್ಮ ಕಾರವಾರದ ಎದುರಿನ ಅಂಜದೀವ್ ನಡುಗಡ್ಡೆಯಲ್ಲಿ. ರೋಗ ಬಂದು ಬಹುಪಾಲು ಜನ ಅಲ್ಲೇ ಸತ್ತರು. 1664ರಲ್ಲಿ ಶಿಪ್‌ಮನ್ ಕೂಡ. ಉಳಿದವರನ್ನು ಕರೆದುಕೊಂಡು ಹಂಫ್ರಿ ಕುಕ್ 1665ರ ಫೆಬ್ರವರಿಯಲ್ಲಿ ಮುಂಬೈ ಪಡೆದ. ಕಾರವಾರದ ಕಡಲತೀರದಲ್ಲಿ ನಿಂತು ಆ ನಡುಗಡ್ಡೆ ನೋಡಿದವರಿಗೆ ಇದು ದೂರದ ಕಥೆ ಅನ್ನಿಸುವುದಿಲ್ಲ, ಅಲ್ವಾ?

ಮೂತಿಯ ಬೊಂಬೆ

ಇಲ್ಲಿಗೆ ಬರೋಕೇ ನಾನು ಕಾಯುತ್ತಿದ್ದೆ. ಈವ್ಲಿನ್ ಕಂಡದ್ದನ್ನು ಬಿಡಿಸಿ ಬರೆದಿದ್ದಾನೆ. ಮೂತಿಯಲ್ಲಿ ಕುದುರೆ ಏರಿದ ಆಲಿವರ್ ಕ್ರಾಮ್‌ವೆಲ್, ರಾಜನ ತಲೆ ಕಡಿದ ಮೇಲೆ ಇಂಗ್ಲೆಂಡನ್ನು ಆಳಿದವನು. ಕುದುರೆಯ ಕಾಲಡಿ ಆರು ಜನ: ಸ್ಕಾಟ್, ಐರಿಷ್, ಡಚ್, ಫ್ರೆಂಚ್, ಸ್ಪ್ಯಾನಿಷ್, ಜೊತೆಗೆ ಇಂಗ್ಲಿಷ್ ಒಬ್ಬ. ಉಡುಪು ನೋಡಿದರೇ ಯಾರು ಯಾರೆಂದು ಗೊತ್ತಾಗುತ್ತಿತ್ತಂತೆ. ತಲೆಯ ಮೇಲೆ ಕೀರ್ತಿದೇವತೆ ಎಲೆಗಳ ಕಿರೀಟ ಹಿಡಿದಿದ್ದಾಳೆ. ಜೊತೆಗೊಂದು ಬರಹ, ದೇವರು ನಮ್ಮ ಜೊತೆ ಇದ್ದಾನೆ ಅಂತ. ಈವ್ಲಿನ್ ರಾಜನ ಕಡೆಯವನು. ಅವನ ಸಿಟ್ಟು ಆ ಸಾಲುಗಳಲ್ಲೇ ಕಾಣುತ್ತದೆ.

ಈ ಬೊಂಬೆಯನ್ನು ಕಿತ್ತು ಹಾಕಿದ್ದು 1663ರ ಕೊನೆಗೆ. ಹೊಸದಕ್ಕೆ 100 ಪೌಂಡ್ ಖರ್ಚು ಅಂತ ಪೀಪ್ಸ್ ಬೇಸರ ಮಾಡಿಕೊಂಡ. ಅಂದರೆ 1660ರಲ್ಲಿ ಎರಡನೇ ಚಾರ್ಲ್ಸ್ ಊರಿಗೆ ಮರಳಿದಾಗ, ಅವನ ಮುಂದೆ ಸಮುದ್ರ ಸೀಳುತ್ತಾ ಹೋದದ್ದು ಅಪ್ಪನ ಸಾವಿಗೆ ಸಹಿ ಹಾಕಿದವನ ಬೊಂಬೆ. ನಾನು ಆ ದಿನವನ್ನು ಆರಿಸಿಕೊಂಡದ್ದು ಇದಕ್ಕೇ.

ಕೆತ್ತಲು ಒಣಗಿದ ಕಾಫಿ ಗಿಡದ ಕಾಂಡ. ಗಟ್ಟಿ, ಎಳೆ ಕಾಣದಷ್ಟು ನಯ, ಅಂಚು ಉದುರುವುದಿಲ್ಲ. ಇಡೀ ಗುಂಪಿನ ಎತ್ತರ 35 ಮಿ.ಮೀ. ಇಟ್ಟೆ. ಒಂದೇ ತುಂಡಿನಲ್ಲಿ ಕೆತ್ತುವ ಆಸೆ ಬಿಡಿ, ಉಳಿ ಕುದುರೆಯ ಹೊಟ್ಟೆಯಡಿಗೆ ಹೋಗುವುದಿಲ್ಲ. ಕುದುರೆ ಬೇರೆ, ಸವಾರ ಬೇರೆ, ಕೆಳಗಿನ ಆರು ಜನ ಬೇರೆ ಬೇರೆ ಕೆತ್ತಿ ಅರಾಲ್ಡೈಟ್‌ನಿಂದ ಕೂಡಿಸಿದೆ. ಕುದುರೆಯ ಮುಂಗಾಲು ಮರದಲ್ಲಿ ನಿಲ್ಲದು. ಒಳಗೆ ತಂತಿ, ಮೇಲೆ ಎಂ-ಸೀಲ್. ಕೀರ್ತಿದೇವತೆಯದೂ ಹಾಗೇ.

ಆರು ಜನರ ಒಂದೊಂದು ತಲೆಯೂ ಮೂರು ಮಿಲಿಮೀಟರ್. ಮುಖದಲ್ಲಿ ಏನೂ ತೋರಿಸೋಕಾಗಲ್ಲ. ಟೋಪಿ ಮತ್ತು ಕೊರಳಪಟ್ಟಿಯಲ್ಲೇ ವ್ಯತ್ಯಾಸ ತರಬೇಕು. ಸ್ಕಾಟ್‌ಗೆ ಚಪ್ಪಟೆ ಟೋಪಿ, ಸ್ಪ್ಯಾನಿಷ್‌ನವನಿಗೆ ನೆರಿಗೆಯ ಕೊರಳಪಟ್ಟಿ, ಡಚ್ಚನಿಗೆ ಉಬ್ಬಿದ ಚಡ್ಡಿ. ಫ್ರೆಂಚನಿಗೆ ಗರಿ. ಇಂಗ್ಲಿಷಿನವನನ್ನು ಕೊನೆಗೆ ಇಟ್ಟುಕೊಂಡೆ. ತಮ್ಮ ದೇಶದವನನ್ನೇ ಕುದುರೆಯ ಕಾಲಡಿ ಹಾಕಿ ಅದನ್ನು ಹಡಗಿನ ಮೂತಿಗೆ ಏರಿಸಿದ್ದರು ಅನ್ನೋದು ಕೆತ್ತುವಾಗ ಬೇರೆಯೇ ಥರ ತಟ್ಟುತ್ತದೆ. ಅವನಿಗೆ ಅಗಲ ಅಂಚಿನ ಟೋಪಿ ಕೊಟ್ಟೆ, ಟೋಪಿ ತಲೆಯಿಂದ ಜಾರಿರುವ ಹಾಗೆ.

ಲಾಂಛನ ಮತ್ತು ಬಾವುಟ

ಮೂತಿ ಹಳೆಯದು, ಹಿಂಬದಿ? ಇದಕ್ಕೆ ಪೀಪ್ಸ್ ದಾರಿ ತೋರಿಸಿದ. ಮೇ 11ರಂದು ಇಡೀ ಪಡೆಯಲ್ಲಿ ಹಳೇ ಸರ್ಕಾರದ ಲಾಂಛನ ಇಳಿಸಲು ಶುರು ಮಾಡಿದರು. ರಾಜನ ಲಾಂಛನ ಹಾಕಲು ಡೋವರ್‌ನಿಂದ ಪೇಂಟರುಗಳನ್ನು ಕರೆಸಿದರು. ಹನ್ನೆರಡು ದಿನದಲ್ಲಿ ಅಷ್ಟು ದೊಡ್ಡ ಕೆತ್ತನೆ ಆಗುವ ಮಾತಲ್ಲ. ಹಾಗಾಗಿ ನನ್ನ ಹಡಗಿನ ಹಿಂಬದಿಯಲ್ಲಿ ಕೆತ್ತನೆ ಇಲ್ಲ, ಬರೀ ಬಣ್ಣ. ತೆಳು ಹಲಗೆಯ ಮೇಲೆ 25 ಮಿ.ಮೀ. ಅಗಲಕ್ಕೆ ರಾಜಲಾಂಛನ ಬರೆದು ಕೂರಿಸಿದೆ. ಬಣ್ಣದ ಅಂಚು ಒಂಚೂರು ಒರಟು ಬಿಟ್ಟೆ. ಐರ್ಲೆಂಡಿನ ವೀಣೆಯಂಥ ವಾದ್ಯ ಹಳೆಯ ಲಾಂಛನದಲ್ಲೂ ಇತ್ತು, ಹೊಸದರಲ್ಲೂ ಇದೆ. ಹೆಸರಿನ ಅಕ್ಷರ ಬದಲಿಸುವ ಪ್ರಮೇಯ ಇರಲಿಲ್ಲ. ಹಿಂಬದಿಯಲ್ಲಿ ಹೆಸರು ಬರೆಯುವ ರೂಢಿ ಆಗಿನ್ನೂ ಬಂದಿರಲಿಲ್ಲ.

ಬಾವುಟದ ಕಥೆ ಇನ್ನೂ ಚಂದ. ಮೇ 13ರಂದು ಡೆಕ್ಕಿನ ಮೇಲೆ ದರ್ಜಿಗಳೂ ಪೇಂಟರುಗಳೂ ಕೂತು, ಹಳದಿ ಬಟ್ಟೆಯನ್ನು ಕಿರೀಟದ ಆಕಾರಕ್ಕೂ ಸಿ.ಆರ್. (ಲ್ಯಾಟಿನ್‌ನಲ್ಲಿ ರಾಜ ಚಾರ್ಲ್ಸ್) ಅಕ್ಷರಗಳಿಗೂ ಕತ್ತರಿಸಿ, ಒಳ್ಳೆಯ ಹಾಸುಬಟ್ಟೆಯೊಂದರ ಮೇಲೆ ಹೊಲಿದು, ಅದನ್ನು ಬಾವುಟದಲ್ಲಿ ಹಳೇ ಲಾಂಛನದ ಜಾಗಕ್ಕೆ ಸೇರಿಸಿದರು. ಊಟ ಆದ ಮೇಲೆ ಕೆಲಸ ಮುಗಿದು ಬಾವುಟ ಮೇಲೇರಿತು.

ಇದನ್ನು ಪ್ರಿಂಟ್ ತೆಗೆದು ಅಂಟಿಸೋಕೆ ಮನಸ್ಸು ಬರಲಿಲ್ಲ. ಅವರು ಮಾಡಿದ ಕ್ರಮದಲ್ಲೇ ಮಾಡಿದೆ. ಬಟ್ಟೆ ಈ ಅಳತೆಗೆ ದಪ್ಪ, ಅದಕ್ಕೆ ಗಾಳಿಪಟದ ತೆಳು ಕಾಗದ. ಬಿಳಿ ಕಾಗದದ ಚೌಕ ಒಂದು. ಇನ್ನೊಂದು ತುಂಡಿಗೆ ಹಳದಿ ಬಣ್ಣ ಬಳಿದು ಒಣಗಿಸಿ, ಬ್ಲೇಡಿನ ತುದಿಯಿಂದ ಕಿರೀಟ ಮತ್ತು ಎರಡು ಅಕ್ಷರ ಕತ್ತರಿಸಿದೆ. ಅಕ್ಷರದ ಎತ್ತರ 6 ಮಿ.ಮೀ. ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಎತ್ತಿ ಬಿಳಿಯ ಮೇಲೆ ಕೂರಿಸಿ, ಆ ಬಿಳಿ ಚೌಕವನ್ನು ಬಾವುಟದ ಮೇಲೆ. ಒದ್ದೆ ಇರುವಾಗಲೇ ಕಡ್ಡಿಯೊಂದರ ಮೇಲೆ ಹಾಕಿ ಅಲೆ ಕೊಟ್ಟೆ. ಅಂಚುಗಳು ತುಸು ಎದ್ದು ಕಾಣುತ್ತವೆ, ತೇಪೆ ಅಂತ ಗೊತ್ತಾಗುತ್ತದೆ. ಗೊತ್ತಾಗಲೇಬೇಕು. ಅದನ್ನು ಮುಖ್ಯ ಹಾಯಿಕಂಬದ ತುದಿಗೆ ಕಟ್ಟಿದೆ.

ಮೇ 23ರಂದು ಮೇಲಿನ ಡೆಕ್ಕಿನಲ್ಲಿ ಹಾಕಿದ್ದ ಮೇಜಿನ ಬಳಿ ರಾಜನೂ ಅವನ ತಮ್ಮನೂ ಹಡಗುಗಳ ಹೆಸರು ಬದಲಿಸಿದರು. ನೇಸ್ಬಿ ಚಾರ್ಲ್ಸ್ ಆಯಿತು, ರಿಚರ್ಡ್ ಜೇಮ್ಸ್ ಆಯಿತು, ಸ್ಪೀಕರ್ ಮೇರಿ ಆಯಿತು. ಮಧ್ಯಾಹ್ನವೆಲ್ಲ ರಾಜ ಅತ್ತಿತ್ತ ನಡೆಯುತ್ತಾ, ವುಸ್ಟರ್‌ನಲ್ಲಿ ಸೋತು ತಪ್ಪಿಸಿಕೊಂಡ ಕಥೆ ಹೇಳಿದ, ಮೊಣಕಾಲುದ್ದ ಕೆಸರಿನಲ್ಲಿ ನಾಲ್ಕು ಹಗಲು ಮೂರು ರಾತ್ರಿ ನಡೆದದ್ದನ್ನು. ಆ ಮೇಜನ್ನೂ ಮಾಡಿ ಇಟ್ಟಿದ್ದೇನೆ, 20 ಮಿ.ಮೀ. ಉದ್ದ.

ಗೋಡೆಗೆ ಹಾಕಿದ ತುಂಡು

ಆಮೇಲಿನ ವರ್ಷಗಳಿಗೆ ನನ್ನ ಮಾದರಿಯಲ್ಲಿ ಜಾಗ ಇಲ್ಲ. 1665ರ ಜೂನ್, ಡಚ್ಚರ ಜೊತೆಗಿನ ಲೋಸ್ಟಾಫ್ಟ್ ಕದನದಲ್ಲಿ ರಾಜನ ತಮ್ಮ ಜೇಮ್ಸ್ ಇದರ ಡೆಕ್ಕಿನ ಮೇಲಿದ್ದ. ಸರಪಳಿ ಗುಂಡೊಂದು ಬಂದು ಅವನ ಪಕ್ಕದಲ್ಲೇ ಆಸ್ಥಾನಿಕ ಫಾಲ್ಮತ್ ಸೇರಿ ಮೂವರನ್ನು ಕೊಂದಿತು. ಅವರ ರಕ್ತ ಅವನ ಮೈಮೇಲೆ. ಅದೇ ದಿನ ಎದುರಾಳಿ ಡಚ್ ದಳಪತಿಯ ಹಡಗು ಎಂದ್ರಾಖ್ಟ್ ಸಿಡಿದು ಹೋಯಿತು. 1666ರ ನಾಲ್ಕು ದಿನದ ಕದನದಲ್ಲಿ ಇದು ಇಂಗ್ಲಿಷ್ ದಳಪತಿ ಜಾರ್ಜ್ ಮಂಕ್‌ನ ಹಡಗು.

1667ಕ್ಕೆ ಖಜಾನೆ ಬರಿದು. ದೊಡ್ಡ ಹಡಗುಗಳನ್ನು ಇಂಗ್ಲೆಂಡಿನ ಮೆಡ್ವೇ ನದಿಯಲ್ಲಿ ಜನವಿಲ್ಲದೆ ಕಟ್ಟಿಹಾಕಿದ್ದರು. ಜೂನ್ 12ರಂದು ಡಚ್ಚರು ನದಿಗಡ್ಡ ಕಟ್ಟಿದ ಸರಪಳಿ ಮುರಿದು ನುಗ್ಗಿದರು. ರಾಯಲ್ ಜೇಮ್ಸ್, ರಾಯಲ್ ಓಕ್, ಲಾಯಲ್ ಲಂಡನ್ ಸುಟ್ಟುಹೋದವು. ಇದನ್ನು ಸುಡಲಿಲ್ಲ, ಕೊಂಡೊಯ್ದರು. ಆ ಗಾಳಿಯಲ್ಲಿ, ಆ ನೀರಿನಲ್ಲಿ ಹಡಗು ಸಾಗಿಸೋಕೆ ಅದೇ ನದಿಯ ಚಾಟಮ್ ಬಂದರಿನ ಒಳ್ಳೆಯ ನಾವಿಕನೂ ಒಪ್ಪುತ್ತಿರಲಿಲ್ಲವಂತೆ. ಡಚ್ಚರು ಹಡಗನ್ನು ಒಂದು ಬದಿಗೆ ವಾಲಿಸಿ, ಕಡಿಮೆ ಆಳದಲ್ಲೇ ದಾಟಿಸಿದರು. ಆದರೆ ಅವರ ತೀರದ ನೀರಿಗೆ ಇದು ತೀರಾ ಆಳದ ಹಡಗು. ಡಚ್ ಬಂದರು ಹೆಲ್ಲೆವೂಟ್‌ಸ್ಲೌಸ್‌ನಲ್ಲಿ ಜನ ಬಂದು ನೋಡಿ ಹೋಗುವ ವಸ್ತುವಾಗಿ ನಿಂತಿತು, ಕೊನೆಗೆ ಒಡೆದರು.

ಉಳಿದದ್ದು ಹಿಂಬದಿಯ ಕೆತ್ತನೆ: ಸಿಂಹ, ಒಂಟಿಕೊಂಬಿನ ಕುದುರೆ, ನಡುವೆ ಲಾಂಛನ. ಈಗ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ. 2012ರಲ್ಲಿ ಪ್ರದರ್ಶನಕ್ಕೆಂದು ಗ್ರೀನಿಚ್‌ಗೆ ಹೋಗಿ ಬಂತು. ಇದು ಚಾರ್ಲ್ಸ್ ಬಂದ ನಂತರದ ಕೆತ್ತನೆ, ಹಾಗಾಗಿ ನನ್ನ ಹಡಗಿನ ಮೇಲೆ ಹಾಕೋಕೆ ಬರಲ್ಲ. ಬಿಡೋಕೂ ಮನಸ್ಸಿಲ್ಲ. ಬೇರೆಯಾಗಿ ಶಿವನೆ ಮರದಲ್ಲಿ, ದೊಡ್ಡ ಅಳತೆಯಲ್ಲಿ ಕೆತ್ತುತ್ತಿದ್ದೇನೆ. ಸಿಂಹದ ಕೇಸರ ಮುಗಿದಿದೆ. ಕುದುರೆಯ ಕುತ್ತಿಗೆಯ ಸರಪಳಿಯ ಕೊಂಡಿಗಳು ಅರ್ಧ ಆಗಿವೆ.

ಹಡಗಿನಲ್ಲಿ ಉಳಿದಿರುವುದು ಹಗ್ಗ. ಹತ್ತಿ ನೂಲು ನಮ್ಮ ಹವೆಗೆ ಆಗಲ್ಲ, ತೇವ ಬಂದಾಗ ಒಂದು ಥರ, ಒಣಗಿದಾಗ ಒಂದು ಥರ. ಪಾಲಿಯೆಸ್ಟರ್ ದಾರವನ್ನು ನಾನೇ ಮೂರೆಳೆ ಹೊಸೆದುಕೊಂಡೆ. ಕಂಬ ಹಿಡಿಯುವ ಹಗ್ಗಕ್ಕೆ ಡಾಂಬರಿನ ಕಂದುಗಪ್ಪು, ಹಾಯಿ ಎಳೆಯುವ ಹಗ್ಗಕ್ಕೆ ತೆಳು ಕಂದು. ಹಿಂದಿನ ಕಂಬದ ಕೆಳಹಾಯಿ ಮೂರು ಮೂಲೆಯದು, ಅದರ ಓರೆ ತೊಲೆ ಸಿದ್ಧವಾಗಿದೆ. ಮೂತಿಯ ಓರೆಗಂಬದ ತುದಿಯಲ್ಲಿ ನೆಟ್ಟಗೆ ನಿಲ್ಲುವ ಸಣ್ಣ ಕಂಬವೊಂದು ಈ ಕಾಲದ ಹಡಗುಗಳ ಗುರುತು. ಅದನ್ನು ನಿಲ್ಲಿಸಿ ಬಿಗಿದ ಮೇಲೆ ಮುಂದಿನ ಕಂಬದ ಹಗ್ಗ, ಆಮೇಲೆ ಮುಖ್ಯ ಕಂಬದ್ದು.